ಜಾತಕದ ಪೆಟ್ಟಿಗೆ ಮತ್ತು ಪತ್ತೇದಾರ ಸಾಹೇಬ

ಹೋದ ದೀಪಾವಳಿಗೆ ನವಲಿಗೆ ಬಂದಿದ್ದ ನನ್ನ ತಂಗಿಯ ಮಗ ಬೆಂಗಳೂರಿನಿಂದ ಒಂದು ದಪ್ಪ ಇಂಗ್ಲಿಷ್ ಕಾದಂಬರಿ ತಂದಿದ್ದ. ಹಬ್ಬದ ಮೂರು ದಿನವೂ ಅದನ್ನು ಕೈಯಿಂದ ಕೆಳಗಿಡಲಿಲ್ಲ. ಊಟಕ್ಕೆ ಕರೆದರೆ 'ಒಂದ್ ಪುಟ, ಮಾಮಾ' ಅನ್ನುತ್ತಿದ್ದ. ಅವನು ಹೊರಟಾಗ ನಾನೇ ಕೇಳಿ ಇಟ್ಟುಕೊಂಡೆ.

ಮುಖಪುಟದ ತುಂಬ ಹೊಗೆ, ಹಲ್ಲುಚಕ್ರ, ಗ್ಯಾಸಿನ ದೀಪ. ಒಳಗೆ ವಿಕ್ಟೋರಿಯಾ ರಾಣಿಯ ಕಾಲದ ಲಂಡನ್ನು. ಆದರೆ ಅಲ್ಲಿ ಉಗಿಯಿಂದ ಓಡುವ ಹಿತ್ತಾಳೆಯ ಮನುಷ್ಯರಿದ್ದಾರೆ, ಹಾರುವ ಹಡಗುಗಳಿವೆ, ಸತ್ತವರೊಡನೆ ಮಾತಾಡಬಲ್ಲ ಒಬ್ಬ ಪತ್ತೇದಾರನಿದ್ದಾನೆ. ಇಂಥ ಕಥೆಗಳಿಗೆ 'ಸ್ಟೀಮ್‌ಪಂಕ್' ಎನ್ನುತ್ತಾರಂತೆ. ಕೆ.ಡಬ್ಲ್ಯು. ಜೀಟರ್ ಎಂಬ ಅಮೆರಿಕದ ಲೇಖಕ 1987ರಲ್ಲಿ ಅರ್ಧ ತಮಾಷೆಗೆ ಹುಟ್ಟಿಸಿದ ಪದ ಅದು. ಕಾದಂಬರಿ ಚೆನ್ನಾಗಿಯೇ ಇತ್ತು. ಆದರೆ ನಡುವೆ ಒಂದು ಕಡೆ, ಎಲ್ಲ ಕೊಲೆಗಳ ಹಿಂದೆ 'ಪೂರ್ವದೇಶದ ಒಬ್ಬ ರಕ್ತಪಿಪಾಸು ದೇವತೆ'ಯ ಭಕ್ತರಿದ್ದಾರೆ ಎಂಬ ಗುಟ್ಟು ಹೊರಬಿತ್ತು. ನಾನು ಪುಸ್ತಕ ಮಡಚಿಟ್ಟೆ. ಈ ದೇವತೆ, ಈ ಭಕ್ತರು, ಈ ಪತ್ತೇದಾರ, ಮೂವರನ್ನೂ ನಾನು ಬಲ್ಲೆ. ಇವರು ಲಂಡನ್ನಿನಲ್ಲಿ ಹುಟ್ಟಿದವರಲ್ಲ, ನಮ್ಮ ಕಡೆಯಿಂದ ಹೋದವರು.

ಹುಡುಗನಿದ್ದಾಗ ನಾನು ಓದಿ ಬೆಳೆದದ್ದು ಬೇರೆ ತರಹದ ಪತ್ತೇದಾರರನ್ನು. ಗಂಗಾವತಿಯಲ್ಲಿ ದಿನಬಾಡಿಗೆಗೆ ಪುಸ್ತಕ ಕೊಡುತ್ತಿದ್ದ ಅಂಗಡಿಯಿಂದ ಎನ್. ನರಸಿಂಹಯ್ಯನವರ ಕಾದಂಬರಿಗಳು ನಮ್ಮೂರಿಗೆ ಬರುತ್ತಿದ್ದವು. ನಾಲ್ಕನೇ ತರಗತಿವರೆಗೆ ಓದಿ ಐನೂರಕ್ಕೂ ಹೆಚ್ಚು ಕಾದಂಬರಿ ಬರೆದವರು ಅವರು. ಪತ್ತೇದಾರ ಪುರುಷೋತ್ತಮ ನಮಗೆಲ್ಲ ಮನೆಯವನಿದ್ದಂತೆ. ನಾನು ಓದಿದವುಗಳಲ್ಲಿ ದೆವ್ವದ ಬಂಗಲೆ ಬಂದರೆ, ಕೊನೆಗೆ ಆ ದೆವ್ವ ಬಿಳಿ ಬಟ್ಟೆ ಹೊದ್ದ ಮನುಷ್ಯನೇ ಆಗಿರುತ್ತಿದ್ದ. ಇಂದಿನ ಇಂಗ್ಲಿಷ್ ಪತ್ತೇದಾರ ದೆವ್ವವನ್ನು ನಂಬುತ್ತಾನೆ, ಅಂದಿನ ಕನ್ನಡದ ಪತ್ತೇದಾರ ನಂಬಲಿಲ್ಲ. ಯಾರು ಹಿಂದುಳಿದವರು ಎಂದು ಕೇಳಬೇಕೆನಿಸುತ್ತದೆ, ಇರಲಿ.

ನಾನು ಹೇಳಹೊರಟಿರುವುದು ಇವರಿಬ್ಬರಿಗಿಂತ ಹಿಂದಿನವನ ಕಥೆ. ಹೆಸರು ಫಿಲಿಪ್ ಮೆಡೋಸ್ ಟೇಲರ್. 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿ, ಹದಿನೈದರ ಹರೆಯದಲ್ಲಿ ಮುಂಬಯಿಗೆ ಬಂದು, ನಿಜಾಮನ ಸೈನ್ಯ ಸೇರಿ, ಬದುಕಿನ ಬಹುಪಾಲನ್ನು ಹೈದರಾಬಾದ್ ಸೀಮೆಯಲ್ಲಿ ಕಳೆದವನು. ಜನ ಅವನನ್ನು 'ಮಹಾದೇವ ಬಾಬಾ' ಎಂದು ಕರೆಯುತ್ತಿದ್ದರೆಂದು ಅವನೇ ಬರೆದುಕೊಂಡಿದ್ದಾನೆ. ಮೆಡೋಸ್ ಎಂಬುದು ನಮ್ಮ ನಾಲಿಗೆಯಲ್ಲಿ ಮಹಾದೇವ ಆಗಿದ್ದರೆ ಆಶ್ಚರ್ಯವಿಲ್ಲ.

ಇಪ್ಪತ್ತರ ಆಸುಪಾಸಿನಲ್ಲೇ ಅವನಿಗೆ ನಿಜಾಮನ ಪಶ್ಚಿಮ ಜಿಲ್ಲೆಗಳಲ್ಲಿ ಪೊಲೀಸ್ ಕೆಲಸ ಬಿತ್ತು. ದಾರಿಯ ಪಕ್ಕದಲ್ಲಿ ಹೂತ ಹೆಣಗಳು ಸಿಗತೊಡಗಿದವು. ಯಾರ ಹೆಣ, ಯಾರು ಕೊಂದವರು ಎಂಬುದು ಊರವರಿಗೂ ತಿಳಿಯದು. ಗುಮಾನಿ ಬೆನ್ನು ಹತ್ತುವಷ್ಟರಲ್ಲಿ ಪಲ್ಟನ್ನಿಗೆ ಮರಳಬೇಕೆಂದು ಹುಕುಂ ಬಂತು. ಥಗ್ಗರ ಜಾಲವನ್ನು ಬಯಲಿಗೆಳೆದ ಕೀರ್ತಿ ಉತ್ತರದಲ್ಲಿದ್ದ ವಿಲಿಯಂ ಸ್ಲೀಮನ್‌ಗೆ ಹೋಯಿತು. ಟೇಲರ್‌ಗೆ ಇದು ಕೊನೆಯವರೆಗೂ ಕೊರಗು. ಮುದುಕನಾಗಿ ಆತ್ಮಕಥೆ ಬರೆಯುವಾಗಲೂ ಅದನ್ನು ಮುಚ್ಚಿಡಲಿಲ್ಲ.

ಹಿಂಗೋಲಿಯ ಸಂಗತಿ ಅವನನ್ನು ಇನ್ನೂ ಹೆಚ್ಚು ಕಾಡಿರಬೇಕು. ಅಲ್ಲಿನ ದಂಡಿನ ಬಜಾರದಲ್ಲಿ ಹರಿಸಿಂಗ್ ಎಂಬ ಮರ್ಯಾದಸ್ಥ ವ್ಯಾಪಾರಿಯಿದ್ದ. ಮುಂಬಯಿಯಿಂದ ಬಟ್ಟೆ ತರಿಸುತ್ತೇನೆ, ಸುಂಕದ ರಹದಾರಿ ಕೊಡಿ ಎಂದು ಕೇಳಿದ. ಕೊಟ್ಟರು. ಬಟ್ಟೆ ಬಂತು, ದಂಡಿನಲ್ಲೇ ಬಹಿರಂಗವಾಗಿ ಮಾರಾಟವಾಯಿತು. ಆಮೇಲೆ ತಿಳಿದದ್ದೇನೆಂದರೆ, ಆ ಬಟ್ಟೆಯ ನಿಜವಾದ ಒಡೆಯ ಬೇರೆ ಊರಿನ ಒಬ್ಬ ವ್ಯಾಪಾರಿ. ಅವನನ್ನೂ ಅವನ ಆಳುಗಳನ್ನೂ ದನ ಹೊಡೆಯುವವರನ್ನೂ ದಾರಿಯಲ್ಲಿ ಮುಗಿಸಿ, ಸರಕಾರಿ ರಹದಾರಿಯ ಮೇಲೆಯೇ ಮಾಲನ್ನು ತಂದಿದ್ದರು. ಹರಿಸಿಂಗ್ ಥಗ್ಗರ ನಾಯಕ. ಟೇಲರ್ ಸ್ವತಃ ಅವನೊಡನೆ ವ್ಯವಹಾರ ಮಾಡಿದ್ದ. ಸತ್ತವನ ಬಟ್ಟೆಯನ್ನು ಯಾರು ಯಾರು ಉಟ್ಟರೋ! ನನಗೆ ಇದರ ಮುಂದೆ ಹಿತ್ತಾಳೆಯ ಮನುಷ್ಯರು, ಹಾರುವ ಹಡಗುಗಳು ಸಪ್ಪೆ ಎನಿಸುತ್ತವೆ.

ಹೀಗೆ ಕೇಳಿದ್ದನ್ನು, ಕಂಡದ್ದನ್ನು ಸೇರಿಸಿ ಟೇಲರ್ 1839ರಲ್ಲಿ 'ಕನ್ಫೆಷನ್ಸ್ ಆಫ್ ಎ ಥಗ್' ಎಂಬ ಕಾದಂಬರಿ ಪ್ರಕಟಿಸಿದ. ಅಮೀರ ಅಲಿ ಎಂಬ ಥಗ್ಗ ಒಬ್ಬ ಸಾಹೇಬನ ಮುಂದೆ ಕುಳಿತು ತನ್ನ ಕಥೆ ಹೇಳುತ್ತಾನೆ. ಅವನು ಪಾಲುಗೊಂಡ ಕೊಲೆಗಳ ಲೆಕ್ಕ 719. ವಿಕ್ಟೋರಿಯಾ ರಾಣಿ ಮುದ್ರಣಕ್ಕೆ ಮುಂಚೆಯೇ ಅಚ್ಚಿನ ಹಾಳೆಗಳನ್ನು ತರಿಸಿಕೊಂಡು ಓದಿದಳು ಎನ್ನುತ್ತಾರೆ. ಪತ್ತೇದಾರಿ ಸಾಹಿತ್ಯದ ಮೂಲಪುರುಷ ಎನಿಸಿಕೊಂಡ ಎಡ್ಗರ್ ಅಲನ್ ಪೋನ ಮೊದಲ ಪತ್ತೇದಾರಿ ಕಥೆ ಬಂದದ್ದು 1841ರಲ್ಲಿ, ಅಂದರೆ ಇದಾದ ಎರಡು ವರ್ಷಕ್ಕೆ. ಶರ್ಲಾಕ್ ಹೋಮ್ಸ್ ಬರಲು ಇನ್ನೂ ನಲವತ್ತೆಂಟು ವರ್ಷವಿತ್ತು. 1868ರ ವಿಲ್ಕಿ ಕಾಲಿನ್ಸನ 'ದಿ ಮೂನ್‌ಸ್ಟೋನ್', ಇಂಗ್ಲಿಷಿನ ಮೊದಮೊದಲ ದೊಡ್ಡ ಪತ್ತೇದಾರಿ ಕಾದಂಬರಿ, ಆರಂಭವಾಗುವುದೇ 1799ರ ಶ್ರೀರಂಗಪಟ್ಟಣದ ಲೂಟಿಯಿಂದ. ಹೊಗೆ ಮಂಜಿನ ಲಂಡನ್ನಿನ ಕಥೆಗಳಿಗೆ ಬೇಕಾದ ಭಯವೂ ವಜ್ರವೂ ನಮ್ಮ ನೆಲದಿಂದ ಹೋಗಿದ್ದವು.

ಶ್ರೀರಂಗಪಟ್ಟಣ ಬಿದ್ದ ಮೇಲೆಯೇ ಬೆಂಗಳೂರಿನ ಸುತ್ತ ಇಂಥ ಸುಮಾರು ನೂರು ಮಂದಿಯನ್ನು ಕಂಪನಿಯವರು ಹಿಡಿದರು. ಮದ್ರಾಸಿನ ಡಾಕ್ಟರ್ ಷೇರ್‌ವುಡ್ 1816ರಲ್ಲಿ ಅವರ ಬಗ್ಗೆ ಒಂದು ಲೇಖನ ಬರೆದ. ಕನ್ನಡದಲ್ಲಿ ಇವರಿಗೆ 'ತಂತಿ ಕಳ್ಳರು' ಎನ್ನುತ್ತಾರೆ ಎಂಬ ಮಾತು ಅದರಲ್ಲಿದೆ. ತಂತಿಯ ಕುಣಿಕೆ ಹಾಕುವ ಕಳ್ಳರು, ಅಷ್ಟೇ. ಈ ಹೆಸರನ್ನು ಗಮನಿಸಿ. ಕನ್ನಡದವರು ಆಯುಧ ನೋಡಿದರು, ಕಸುಬು ನೋಡಿದರು, ಹೆಸರಿಟ್ಟರು. ದೇವಿಯನ್ನು ಅದರೊಳಗೆ ತರಲಿಲ್ಲ.

ದೇವಿಯನ್ನು ತಂದದ್ದು ಸ್ಲೀಮನ್ನನ ಕಚೇರಿ. 1836ರಲ್ಲಿ ಅವನು 'ರಾಮಸೀಯಾನಾ' ಎಂಬ ಹೆಸರಿನಲ್ಲಿ ಥಗ್ಗರ ಗುಪ್ತಭಾಷೆಯ ಕೋಶ ಅಚ್ಚು ಹಾಕಿಸಿದ. ಶಿಕ್ಷೆಯಿಂದ ಪಾರಾಗಲು ಮಾಫಿ ಸಾಕ್ಷಿಗಳಾದ ಕೈದಿಗಳು ಹೇಳಿದ ಮಾತುಗಳು ಅದರಲ್ಲಿ ತುಂಬಿವೆ. ಎಡದ ಶಕುನ, ಬಲದ ಶಕುನ, ಕತ್ತೆ ಅರಚಿದರೆ ಏನು, ಪೂಜಿಸಿದ ಗುದ್ದಲಿ, ಪ್ರಸಾದದ ಬೆಲ್ಲ. ಆ ಬೆಲ್ಲ ಒಮ್ಮೆ ತಿಂದವನು ಮತ್ತೆ ಸಾಮಾನ್ಯ ಮನುಷ್ಯನಾಗಲಾರ ಎಂದು ಒಬ್ಬ ಕೈದಿ ಹೇಳಿದ್ದ. ನಮ್ಮೂರಲ್ಲಿ ಇಂದಿಗೂ ಶಕುನ ನೋಡದೆ ಬಿತ್ತನೆಗೆ ಹೋಗದವರಿದ್ದಾರೆ. ಆಯುಧಪೂಜೆಯಲ್ಲಿ ಗುದ್ದಲಿ ಪೂಜಿಸದವರಾರು? ರೈತ ಮಾಡಿದರೆ ಹಬ್ಬವಾಗುವುದು ಕಳ್ಳ ಮಾಡಿದರೆ ಪಂಥವಾಯಿತು. ಕೊಲೆಗಳು ನಡೆದದ್ದು ಸುಳ್ಳೆಂದು ನಾನು ಹೇಳುತ್ತಿಲ್ಲ, ಹೆಣಗಳು ನಿಜ. ಆದರೆ 1817-18ರ ಯುದ್ಧಗಳ ನಂತರ ಕೆಲಸ ಕಳೆದುಕೊಂಡು ದಾರಿಗೆ ಬಿದ್ದ ಸೈನಿಕರೆಷ್ಟು, ಹಾಳಾದ ಊರುಗಳೆಷ್ಟು ಎಂಬ ಲೆಕ್ಕ ಹಾಕುವುದಕ್ಕಿಂತ 'ಭವಾನಿ ಕೊಲ್ಲಿಸಿದಳು' ಎಂದು ಬರೆದುಕೊಳ್ಳುವುದು ಸುಲಭವಿತ್ತು. ದೇವತೆ ಬಂದರೆ ಸರಕಾರದ ಮೇಲಿನ ಪ್ರಶ್ನೆ ತಪ್ಪುತ್ತದೆ.

1836ರ ಕಾಯಿದೆಯಂತೆ, ಒಬ್ಬನು ಇಂಥ ಕೊಲೆ ಮಾಡಿದ ಎಂದು ತೋರಿಸಬೇಕಿರಲಿಲ್ಲ. ಥಗ್ಗರ ಗುಂಪಿಗೆ ಸೇರಿದವನೆಂದು ಸಾಬೀತಾದರೆ ಸಾಕು, ಆಜೀವ ಸೆರೆ. ಮಾಡಿದ್ದಕ್ಕಲ್ಲ, ಆಗಿರುವುದಕ್ಕೆ ಶಿಕ್ಷೆ. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ ಇದೇ ದಾರಿಯಲ್ಲಿ ಬಂತು. ಹುಬ್ಬಳ್ಳಿಯಲ್ಲಿ, ಗದಗ-ಬೆಟಗೇರಿಯಲ್ಲಿ 'ಸೆಟ್ಲಮೆಂಟ್' ಎಂಬ ಓಣಿಯ ಹೆಸರು ಇನ್ನೂ ಬಾಯಲ್ಲಿದೆ. ಅದು ತಂತಿಬೇಲಿಯ ನೆನಪು. 1952ರಲ್ಲಿ ಕಾಯಿದೆ ಹೋಯಿತು. ನಾನು ಚಿಕ್ಕವನಿದ್ದಾಗ ಊರ ಹೊರಗೆ ಗುಡಾರ ಹಾಕಿದವರಿದ್ದರೆ, ಯಾರ ಮನೆಯಲ್ಲಿ ಕಳುವಾದರೂ ಮೊದಲು ಗುಡಾರಗಳ ಕಡೆಗೇ ಓಡುತ್ತಿದ್ದರು. ಒಮ್ಮೆ ನಮ್ಮದೇ ಮನೆಯ ತಾಮ್ರದ ಹಂಡೆ ಕಳುವಾಗಿ, ಹಾಗೆಯೇ ಓಡಿದವರಲ್ಲಿ ನಮ್ಮಪ್ಪನೂ ಇದ್ದ. ಹಂಡೆ ಎರಡು ದಿನದ ಮೇಲೆ ನಮ್ಮ ದಾಯಾದಿಗಳ ಬಣವೆಯಲ್ಲಿ ಸಿಕ್ಕಿತು. ಅಷ್ಟರಲ್ಲಿ ಗುಡಾರದವರು ಏಟು ತಿಂದು ಊರು ಬಿಟ್ಟಿದ್ದರು.

ಟೇಲರ್‌ನ ಇನ್ನೊಂದು ಮುಖವನ್ನೂ ಹೇಳಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ಅವನು ನೆಲ ಅಗೆದು ನೋಡುವವನು. ನಮ್ಮ ಗಂಗಾವತಿಯ ಹತ್ತಿರ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಚಪ್ಪಡಿಕಲ್ಲಿನ ನೂರಾರು ಮನೆಗಳಿವೆ. ನಾಲ್ಕು ಕಲ್ಲು ನಿಲ್ಲಿಸಿ ಮೇಲೊಂದು ಮುಚ್ಚಿದ್ದಾರೆ, ಒಂದು ಕಲ್ಲಿನಲ್ಲಿ ಮನುಷ್ಯ ತೂರುವಷ್ಟು ದುಂಡನೆಯ ಕಿಂಡಿ. ಬಡಿದರೆ ನಗಾರಿಯಂತೆ ದನಿ ಕೊಡುವ ದೊಡ್ಡ ಗುಂಡೂ ಅಲ್ಲಿದೆ. 2021ರಲ್ಲಿ ಈ ತಾಣ ಯುನೆಸ್ಕೋದ ತಾತ್ಕಾಲಿಕ ಪಟ್ಟಿ ಸೇರಿತು. ನಮಗೆ ಅದು ಮೋರ್ಯರ ಗುಡ್ಡ. ಮೋರ್ಯರು ಅಂದರೆ ಗೇಣುದ್ದದ ಮನುಷ್ಯರು, ಬೆಂಕಿಯ ಮಳೆ ಬಂದಾಗ ಈ ಮನೆಗಳಲ್ಲೇ ಅಡಗಿ ಸತ್ತರು ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಸುರಪುರ ಸೀಮೆಯಲ್ಲಿ ಟೇಲರ್ ಇಂಥದೇ ಕಲ್ಲುಗಳನ್ನು ರಾಜನಕೋಳೂರು, ಜೇವರ್ಗಿಯ ಕಡೆ ಕಂಡ. ಕೆಲವನ್ನು ಬಗೆಸಿದ. ಕುಳ್ಳರ ಮನೆಯಲ್ಲ, ಸತ್ತವರ ಗೋರಿ ಎಂದು ಗೊತ್ತುಮಾಡಿಕೊಂಡ. ಅಸ್ಥಿಪಂಜರಗಳನ್ನು ಅಳೆದ, ಚಿತ್ರ ಬರೆದ. ಕೆಲವು ತಲೆಬುರುಡೆಗಳು ಮೈಯಿಂದ ಬೇರೆಯಾಗಿ ಬಿದ್ದಿದ್ದನ್ನು ನೋಡಿ ನರಬಲಿಯಿರಬಹುದೆಂದು ಊಹಿಸಿದ. ಊಹೆ ಸರಿಯೋ ತಪ್ಪೋ, ಸಾವಿರಾರು ವರ್ಷ ಹಿಂದೆ ಸತ್ತವನ ಕುತ್ತಿಗೆಯ ಮೂಳೆಯನ್ನೂ ಬಿಡದೆ ವಿಚಾರಿಸಿದ ಮನುಷ್ಯ.

ಅಂಥವನು ತನ್ನ ಕಣ್ಣೆದುರಿಗೇ ಬೆಳೆದ ಒಬ್ಬನ ಸಾವನ್ನು ವಿಚಾರಿಸದೆ ಬಿಟ್ಟ.

ನವಲಿಯಿಂದ ತಾವರಗೇರಾ, ಮುದಗಲ್ಲು, ಲಿಂಗಸುಗೂರು ಹಾದು, ತಿಂಥಣಿಯ ಹತ್ತಿರ ಕೃಷ್ಣೆ ದಾಟಿದರೆ ಸುರಪುರ. ಬೇಡ ನಾಯಕರ ಸಂಸ್ಥಾನ. ಅಲ್ಲಿನ ರಾಜಾ ಕೃಷ್ಣಪ್ಪ ನಾಯಕ ತೀರಿಕೊಂಡಾಗ ಮಗ ವೆಂಕಟಪ್ಪ ಇನ್ನೂ ಹುಡುಗ. ತಾಯಿ ರಾಣಿ ಈಶ್ವರಮ್ಮ ಗಟ್ಟಿ ಹೆಂಗಸು. 1841ರಲ್ಲಿ ಸಂಸ್ಥಾನದ ಮೇಲ್ವಿಚಾರಣೆಗೆಂದು ಹೈದರಾಬಾದಿನ ರೆಸಿಡೆಂಟ್ ಟೇಲರನನ್ನು ಅಲ್ಲಿಗೆ ಕಳಿಸಿದ. ಹನ್ನೆರಡು ವರ್ಷ ಇದ್ದ. ಗುಡ್ಡದ ಮೇಲೆ ಮನೆ ಕಟ್ಟಿಸಿದ, ಅದೇ ಟೇಲರ್ ಮಂಜಿಲ್, ಇಂದಿಗೂ ಇದೆ. ಹೆಂಡತಿ ಮೇರಿಯನ್ನು ಕಳೆದುಕೊಂಡದ್ದೂ ಸುರಪುರದ ಕಾಲದಲ್ಲೇ. ಹುಡುಗ ರಾಜ ಅವನನ್ನು 'ಅಪ್ಪಾ' ಎನ್ನುತ್ತಿದ್ದ.

ಒಂದು ರಾತ್ರಿ ರಾಣಿ ಟೇಲರನನ್ನು ಕರೆಸಿದಳು. ಮಗನ ಜಾತಕ ಅವನಿಗೆ ತಿಳಿಸಿದಳು. ಇಪ್ಪತ್ನಾಲ್ಕನೆಯ ವರ್ಷದಲ್ಲಿ ಮರಣ. ಈ ಗುಟ್ಟು ಬಲ್ಲವರು ರಾಣಿ, ಮನೆತನದ ಶಾಸ್ತ್ರಿ, ಈಗ ಟೇಲರ್. ಅವನು ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟ. 1853ರಲ್ಲಿ ರಾಜ್ಯವನ್ನು ಯುವಕ ರಾಜನಿಗೆ ಒಪ್ಪಿಸಿ ನಳದುರ್ಗಕ್ಕೆ ಹೋದ. ಅದೇ ವರ್ಷ ನಿಜಾಮ ಬೆರಾರ್, ಧಾರಾಶಿವಗಳ ಜೊತೆಗೆ ನಮ್ಮ ರಾಯಚೂರು ದೋಆಬನ್ನೂ ಕಂಪನಿಗೆ ಬರೆದುಕೊಟ್ಟಿದ್ದ. ನಮ್ಮ ಭಾಗದವರು ಆಗ ಏಳು ವರ್ಷ ಇಂಗ್ಲಿಷರ ನೇರ ಆಳ್ವಿಕೆ ಕಂಡರು.

1858ರ ಫೆಬ್ರುವರಿಯಲ್ಲಿ ವೆಂಕಟಪ್ಪ ನಾಯಕ ಕಂಪನಿಯ ವಿರುದ್ಧ ತಿರುಗಿಬಿದ್ದ. ಲಿಂಗಸುಗೂರಿನ ದಂಡು ಬಂತು. ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ. ರಾಜ ತಪ್ಪಿಸಿಕೊಂಡು ಹೈದರಾಬಾದ್ ಸೇರಿದ, ಅಲ್ಲಿ ಸಿಕ್ಕಿಬಿದ್ದ, ಸಾಲಾರ ಜಂಗ್ ಅವನನ್ನು ಇಂಗ್ಲಿಷರಿಗೆ ಒಪ್ಪಿಸಿದ. ಟೇಲರ್ ಸೆರೆಯಲ್ಲಿದ್ದ ಅವನನ್ನು ನೋಡಲು ಹೋದ. ದಂಗೆಯಲ್ಲಿ ಬೇರೆ ಯಾರು ಯಾರಿದ್ದರು ಎಂಬ ಹೆಸರು ಸರಕಾರಕ್ಕೆ ಬೇಕಿತ್ತು. ರಾಜ ಹೆಸರು ಹೇಳಲಿಲ್ಲ. ಕಳ್ಳನಂತೆ ನೇಣು ಹಾಕಬೇಡಿ, ಬೇಕಾದರೆ ತೋಪಿನ ಬಾಯಿಗೆ ಕಟ್ಟಿ ಎಂದನಂತೆ.

ಮರಣದಂಡನೆಯಾಯಿತು. ಅದು ಆಜೀವ ಗಡೀಪಾರಿಗೆ ಇಳಿಯಿತು. ಗವರ್ನರ್ ಜನರಲ್ ಅದನ್ನೂ ಇಳಿಸಿ, ಮದ್ರಾಸಿನ ಹತ್ತಿರದ ಚೆಂಗಲಪಟ್ಟು ಕೋಟೆಯಲ್ಲಿ ನಾಲ್ಕು ವರ್ಷದ ಸೆರೆ ಎಂದ. ಸುರಪುರಕ್ಕೆ ಮರಳಿ ಬಂದಿದ್ದ ಟೇಲರ್ ಆ ಹಳೆಯ ಶಾಸ್ತ್ರಿಗೆ ಇದನ್ನು ತಿಳಿಸಿದ. ಜೀವ ಉಳಿಯಿತಲ್ಲ, ನಿಮ್ಮ ಜಾತಕ ಸುಳ್ಳಾಯಿತಲ್ಲ ಎಂಬುದು ಅವನ ಮಾತಿನ ಧಾಟಿ. ವರ್ಷ ಇನ್ನೂ ಮುಗಿದಿಲ್ಲ ಎಂಬುದು ಶಾಸ್ತ್ರಿಯ ಉತ್ತರ. ಅಷ್ಟರಲ್ಲಿ ಸುದ್ದಿ ಬಂತು. ಸಿಕಂದರಾಬಾದಿನಿಂದ ಹೊರಟ ಮೊದಲ ತಂಗುದಾಣದಲ್ಲೇ, ಕಾವಲಿನ ಅಧಿಕಾರಿ ಬಿಚ್ಚಿಟ್ಟಿದ್ದ ರಿವಾಲ್ವರಿನಿಂದ ಗುಂಡು ಹಾರಿ ರಾಜ ಸತ್ತಿದ್ದ. ಗುಂಡು ಹಾರಿದಾಗ ಅಧಿಕಾರಿ ಹೊರಗಿದ್ದನಂತೆ.

ಟೇಲರ್ ಇದನ್ನೆಲ್ಲ ಸುಮಾರು ಎರಡು ದಶಕದ ಮೇಲೆ ಬರೆದ. 1876ರಲ್ಲಿ ಅವನು ತೀರಿಕೊಂಡ ಮೇಲೆ, 1877ರಲ್ಲಿ ಆತ್ಮಕಥೆಯನ್ನು ಮಗಳು ಹೊರತಂದಳು. ಈ ಪ್ರಸಂಗ ಬರೆಯುವಾಗ ಅವನ ಕೈ ನಡುಗಿದೆ ಎನಿಸುತ್ತದೆ. ಪ್ರೀತಿ ನಿಜವಾದದ್ದು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಪತ್ತೇದಾರಿ ಕಾದಂಬರಿ ಓದಿ ಕೆಟ್ಟ ನನ್ನ ಕಣ್ಣಿಗೆ ಬೇರೆಯೇ ಕಾಣುತ್ತದೆ. ಸೆರೆಯಾಳಿನ ಹತ್ತಿರ ತುಂಬಿದ ರಿವಾಲ್ವರನ್ನು ಬಿಚ್ಚಿಟ್ಟು ಹೊರಗೆ ಹೋಗುವ ಅಧಿಕಾರಿ ಎಂಥವನು? ಹೆಸರು ಹೇಳಲು ಒಪ್ಪದ, ನಾಲ್ಕು ವರ್ಷದ ನಂತರ ಮತ್ತೆ ಸುರಪುರಕ್ಕೆ ಬರಬಹುದಾದ ರಾಜ ಬದುಕಿರುವುದು ಯಾರಿಗೆ ಬೇಡವಿತ್ತು? ಸತ್ತರೆ ಸಂಸ್ಥಾನ ಯಾರಿಗೆ? 1860ರಲ್ಲಿ ಸುರಪುರ ನಿಜಾಮನ ಪಾಲಾಯಿತು, ಜೊತೆಗೆ ನಮ್ಮ ದೋಆಬೂ ಅವನಿಗೇ ಮರಳಿತು. 1857-58ರಲ್ಲಿ ಇಂಗ್ಲಿಷರ ಪರ ನಿಂತದ್ದಕ್ಕೆ ಅದು ಇನಾಮು.

ಆತ್ಮಹತ್ಯೆಯೂ ಇರಬಹುದು. ಸೆರೆಮನೆಯಲ್ಲಿ ಬಾಳಲಾರೆನೆಂಬ ಹಟ ಬೇಡ ನಾಯಕನಿಗೆ ಹೊಸದಲ್ಲ. ಕೈತಪ್ಪಿ ಹಾರಿರಲೂಬಹುದು. ಮೂರರಲ್ಲಿ ಒಂದನ್ನು ನಾನು ಆರಿಸಲಾರೆ. ನನ್ನ ತಕರಾರು ಟೇಲರ್ ಆರಿಸಲಿಲ್ಲ ಎಂಬುದಲ್ಲ, ಅವನು ಕೇಳಲೇ ಇಲ್ಲ ಎಂಬುದು. ಗೋರಿಯ ಕಲ್ಲು ಎತ್ತಿಸಿ ಕತ್ತಿನ ಮೂಳೆ ನೋಡಿದವನು ಈ ಗುಡಾರದ ಬಾಗಿಲಲ್ಲಿ ನಿಂತುಬಿಟ್ಟ. ಯಾಕೆಂದರೆ ಅವನ ಕೈಯಲ್ಲಿ ಆಗಲೇ ಒಂದು ಉತ್ತರವಿತ್ತು: ಜಾತಕ. ಅವನು ಅದನ್ನು ನಂಬಿದನೆಂದೂ ಬರೆಯಲಿಲ್ಲ, ನಂಬಲಿಲ್ಲವೆಂದೂ ಬರೆಯಲಿಲ್ಲ. ನಡೆದದ್ದನ್ನು ನಡೆದಂತೆ ಇಟ್ಟು ಸುಮ್ಮನಾದ. ಥಗ್ಗರ ಕಡತವನ್ನು ಭವಾನಿ ಮುಚ್ಚಿದಂತೆ, ಸುರಪುರದ ಕಡತವನ್ನು ಗ್ರಹಗಳು ಮುಚ್ಚಿದವು.

ಇದನ್ನೆಲ್ಲ ಅಳಿಯನಿಗೆ ಫೋನಿನಲ್ಲಿ ಹೇಳಿದೆ. ಸಂಕ್ರಾಂತಿಗೆ ಬಂದವನು 'ನಡಿ ಮಾಮಾ, ನೋಡೇ ಬಿಡೂಣು' ಎಂದು ಕಾರು ತೆಗೆದ. ಟೇಲರ್ ಮಂಜಿಲ್ ನೋಡಿ, ಗುಡ್ಡ ಇಳಿದು, ಸುರಪುರದ ಒಂದು ಚಹಾದ ಅಂಗಡಿಯಲ್ಲಿ ಕೂತೆವು. ಪಕ್ಕದಲ್ಲೊಬ್ಬ ಮುದುಕ, ತಲೆಗೆ ಕೆಂಪು ರುಮಾಲು. ಅಳಿಯ ತಡೆಯಲಾರದೆ ಕೇಳಿಯೇಬಿಟ್ಟ: 'ಯಜ್ಜಾ, ವೆಂಕಟಪ್ಪ ನಾಯಕರು ಹೆಂಗ ಸತ್ತರು?'

'ಹೆಂಗಂದ್ರ? ಇಂಗ್ರೇಜಿಯವ್ರು ಹೊಡದರು.'

'ತಾವ ಹೊಡಕೊಂಡ್ರು ಅಂತಾರಲ್ಲ?'

'ಯಾರು ಅಂತಾರ?'

ಅಳಿಯ ನನ್ನ ಮುಖ ನೋಡಿದ. ನಾನು ಜಾತಕದ ಮಾತು ತೆಗೆದೆ. ಇಪ್ಪತ್ನಾಲ್ಕನೆಯ ವರ್ಷಕ್ಕೆ ಹೀಗಾಗುತ್ತದೆಂದು ಶಾಸ್ತ್ರಿಗಳು ಮೊದಲೇ ಬರೆದಿಟ್ಟಿದ್ದರಂತಲ್ಲ ಯಜ್ಜಾ, ಎಂದೆ.

ಮುದುಕ ಚಹಾವನ್ನು ಬಸಿಗೆ ಸುರುವಿಕೊಂಡು, ಸೊರ್ರನೆ ಕುಡಿದು, ಬಸಿಯನ್ನು ಕೆಳಗಿಟ್ಟ.

'ಆ ಜಾತಕ ನೀ ನೋಡೀಯೇನು?'

'ಇಲ್ಲ. ಸಾಹೇಬ್ರು ಬರದಾರ.'

'ಹಾಂ,' ಎಂದ. 'ಸಾಹೇಬ್ರು ಬರದಾರ.'